ಟ್ರ್ಯಾಕ್ಟರ್ ಸಾಲು ನಿಲ್ಲಿಸದೆ ಲೆಕ್ಕ ತೆಗೆಯುವುದು ಹೇಗೆ?

ಮೆಕ್ಕೆಜೋಳದ ಸುಗ್ಗಿಯಲ್ಲಿ ದಾವಣಗೆರೆಯ ಮಾರುಕಟ್ಟೆ ಕಡೆ ಯಾರಿಗೂ ಪುರುಸೊತ್ತಿರುವುದಿಲ್ಲ. ಅಂಥ ಒಂದು ನವೆಂಬರ್ ಬೆಳಿಗ್ಗೆ, ಹನ್ನೊಂದರ ಹೊತ್ತಿಗೆ, ನಾನು ಒಂದು ಖರೀದಿ ಕಂಪನಿಯ ಆಫೀಸಿನಲ್ಲಿ ಕುಳಿತು ರಿಪೋರ್ಟ್ ಓಡಿಸಿದೆ. ಸಾಹುಕಾರರದು ಸಣ್ಣ ಆಸೆ. ಇವತ್ತು ಎಷ್ಟು ಕ್ವಿಂಟಲ್ ಬಂತು, ಅದರಲ್ಲಿ ಎಷ್ಟಕ್ಕೆ ದುಡ್ಡು ಕೊಟ್ಟಾಯಿತು, ಎರಡೂ ಒಂದೇ ಪರದೆಯಲ್ಲಿ ಕಾಣಬೇಕು. ತೂಕದ ಲೆಕ್ಕ ಇರುವುದು ಒಂದು ಸಾಫ್ಟ್‌ವೇರಿನಲ್ಲಿ, ದುಡ್ಡಿನ ಲೆಕ್ಕ ಇನ್ನೊಂದರಲ್ಲಿ. ಎರಡಕ್ಕೂ ಬೇರೆ ಬೇರೆ ಡೇಟಾಬೇಸ್. ನಾನು ನಡುವೆ ಒಂದು ಕೊಂಡಿ ಹಾಕಿ, ಎರಡನ್ನೂ ಜೋಡಿಸಿ, ಒಂದೇ ಕ್ವೆರಿಯಲ್ಲಿ (ಡೇಟಾಬೇಸಿಗೆ ಹಾಕುವ ಪ್ರಶ್ನೆ) ಉತ್ತರ ಕೇಳಿದೆ.

ಐದು ನಿಮಿಷಕ್ಕೆ ಗಾಡಿ ಸಮೇತ ತೂಗುವ ವೇಬ್ರಿಡ್ಜಿನ ಗುಮಾಸ್ತರ ಫೋನ್ ಬಂತು. "ಸರ್, ಸ್ಕ್ರೀನ್ ಅಲ್ಲಾಡ್ತಾನೇ ಇಲ್ರೀ. ಹೊರಗೆ ಗಾಡಿ ಸಾಲು ನಿಂತೈತಿ. ನೀವೇನಾರ ಮಾಡಿದ್ರೇನು?"

ಮಾಡಿದ್ದೆ. ನನ್ನ ಕ್ವೆರಿ ತೂಕದ ಚೀಟಿಗಳ ಟೇಬಲ್ಲನ್ನು ಹಿಡಿದು ಕೂತಿತ್ತು. ಹೊಸ ಚೀಟಿ ಒಳಗೆ ಹೋಗಲು ದಾರಿಯೇ ಇರಲಿಲ್ಲ. ಅದಾದ ಮೇಲೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಕ್ಕಿ ಗಿರಣಿ, ಬಟ್ಟೆ ಅಂಗಡಿ, ಆಸ್ಪತ್ರೆ, ಕಾಲೇಜು, ಎಲ್ಲೇ ಆಗಲಿ ಎರಡು ಸಾಫ್ಟ್‌ವೇರ್ ಇದ್ದು "ಇದರ ಡೇಟಾ ಅದರಲ್ಲಿ ಕಾಣಬೇಕು" ಎಂಬ ಮಾತು ಬಂದ ದಿನ ಇದು ಬೇಕಾಗುತ್ತದೆ.

ಮೊದಲು ಒಂದು ಪ್ರಶ್ನೆ: ಎಷ್ಟು ಹಳೆಯದಾದರೆ ನಡೆಯುತ್ತದೆ?

ಯಾರನ್ನೇ ಕೇಳಿ, "ಲೈವ್ ಬೇಕು" ಅಂತಾರೆ. ಒಪ್ಪಬೇಡಿ. ಒಂದೊಂದು ಅಂಕಿಯನ್ನೂ ಹಿಡಿದು ಬಿಡಿಸಿ ಕೇಳಿ. "ಸಾಹುಕಾರ್ರೇ, ಇವತ್ತಿನ ಆವಕ ಐದು ನಿಮಿಷ ಹಿಂದಿನದಾದರೆ ಏನಾದ್ರೂ ನಷ್ಟ ಇದೆಯಾ?" ಇಲ್ಲ. ಹೋದ ವರ್ಷದ ಸುಗ್ಗಿಗೆ ಹೋಲಿಸುವ ಲೆಕ್ಕ ನಿನ್ನೆ ರಾತ್ರಿಯದಾದರೆ? ಧಾರಾಳವಾಗಿ ನಡೆಯುತ್ತದೆ. ರೈತರಿಗೆ ಚೆಕ್ ಬರೆಯುವಾಗ ನೋಡುವ ಬಾಕಿ? ಅದು ಮಾತ್ರ ಆ ಕ್ಷಣದ್ದೇ ಆಗಬೇಕು.

ನಮ್ಮಲ್ಲಿ ಹದಿನಾಲ್ಕು ಅಂಕಿಗಳ ಪಟ್ಟಿ ಆಯಿತು. ಆ ಕ್ಷಣದ್ದೇ ಬೇಕಾದದ್ದು ಒಂದೇ ಒಂದು. ಇದು ಒಂದು ಮಧ್ಯಾಹ್ನದ ಕೆಲಸ, ಒಂದು ಸಾಲು ಕೋಡ್ ಬರೆಯಬೇಕಾಗಿಲ್ಲ. ಆದರೆ ಮುಂದಿನ ಖರ್ಚೆಲ್ಲ ಇದರ ಮೇಲೆ ನಿಂತಿದೆ. ಹಳೆಯದಾದರೂ ನಡೆಯುವ ಅಂಕಿಗೆ ಓಡುತ್ತಿರುವ ಡೇಟಾಬೇಸನ್ನು ಮುಟ್ಟುವುದೇ ಬೇಡ. ಅದರ ನಕಲು ಸಾಕು.

ಲಾಕ್ ಎಲ್ಲಿ ಬೀಳುತ್ತದೆ ಎಂದು ನೋಡಿ

ಲಾಕ್ ಅಂದರೆ ಒಬ್ಬರ ಕೆಲಸ ಮುಗಿಯುವವರೆಗೆ ಉಳಿದವರನ್ನು ಕಾಯಿಸುವ ಬೀಗ. ದಾವಣಗೆರೆಯವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟಿನಲ್ಲಿ ಕಾದವರಿಗೆಲ್ಲ ಗೊತ್ತು. ರೈಲು ದಾಟುವುದು ಅರೆಕ್ಷಣ. ಗೇಟ್ ತೆಗೆದ ಮೇಲೂ ಎರಡು ಕಡೆಯ ಗಾಡಿ ಬಿಡಿಸಿಕೊಳ್ಳುವುದಕ್ಕೆ ಅದರ ಹತ್ತರಷ್ಟು ಹೊತ್ತು ಬೇಕು. ಡೇಟಾಬೇಸಿನಲ್ಲೂ ಹಾಗೇ. ಕ್ವೆರಿ ನಿಲ್ಲಿಸಿದ ಮೇಲೂ ಹಿಂದೆ ಕಾದಿದ್ದ ಕೆಲಸಗಳು ಒಟ್ಟಿಗೇ ನುಗ್ಗುತ್ತವೆ.

"ನಾನು ಓದಿದ್ದು ಅಷ್ಟೇ, ಬರೆದಿಲ್ಲ, ಲಾಕ್ ಯಾಕೆ?" ಅಂತ ನಾನೂ ಕೇಳಿಕೊಂಡೆ. ವೇಬ್ರಿಡ್ಜಿನ ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್. ಅದರಲ್ಲಿ ಮಾಮೂಲಿ ಸೆಟ್ಟಿಂಗಿನಲ್ಲಿ ಓದುವವರೂ ಲಾಕ್ ಹಿಡಿಯುತ್ತಾರೆ, ಓದಿ ಮುಂದೆ ಹೋದಂತೆ ಬಿಡುತ್ತಾರೆ. ನಾನು ಮಾಡಿದ ತಪ್ಪು ಬೇರೆ. ರಿಪೋರ್ಟಿನ ಡಾಟ್‌ನೆಟ್ ಕೋಡನ್ನು ಟ್ರಾನ್ಸಾಕ್ಷನ್ ಸ್ಕೋಪ್ ಒಳಗೆ ಹಾಕಿದ್ದೆ. ಟ್ರಾನ್ಸಾಕ್ಷನ್ ಅಂದರೆ ಆದರೆ ಪೂರ್ತಿ ಆಗುವ, ಇಲ್ಲದಿದ್ದರೆ ಏನೂ ಆಗದ ಕೆಲಸದ ಕಟ್ಟು, ಸ್ಕೋಪ್ ಅದರ ಬೇಲಿ. ಏನೂ ಹೇಳದಿದ್ದರೆ ಅದು ಸೀರಿಯಲೈಸಬಲ್ ಎಂಬ ಅತಿ ಬಿಗಿಯಾದ ಮಟ್ಟ ಹಿಡಿಯುತ್ತದೆ. ಆಗ ಓದಿದ ಸಾಲುಗಳ ಲಾಕ್ ಕೊನೆಯವರೆಗೂ ಬಿಡುವುದಿಲ್ಲ. ಒಂದೇ ಆಜ್ಞೆ ಒಂದು ಟೇಬಲ್ಲಿನ ಮೇಲೆ ಸುಮಾರು 5,000 ಲಾಕ್ ದಾಟಿದರೆ, ಸರ್ವರ್ ಬಿಡಿ ಲಾಕ್‌ಗಳನ್ನೆಲ್ಲ ಬಿಟ್ಟು ಇಡೀ ಟೇಬಲ್ಲಿಗೇ ಒಂದು ಬೀಗ ಹಾಕಲು ನೋಡುತ್ತದೆ. ಟ್ರ್ಯಾಕ್ಟರ್ ನಿಂತದ್ದು ಅಲ್ಲಿ.

ಪರಿಹಾರ ಎರಡು. ಒಂದು, ಕೋಡಿನಲ್ಲಿ ಮಟ್ಟವನ್ನು ರೀಡ್ ಕಮಿಟೆಡ್ (ಪಕ್ಕಾ ಆದದ್ದನ್ನಷ್ಟೇ ಓದುವ ಮಾಮೂಲಿ ಮಟ್ಟ) ಎಂದು ಬಾಯಿಬಿಟ್ಟು ಹೇಳುವುದು. ಇನ್ನೊಂದು, ಡೇಟಾಬೇಸಿನಲ್ಲೇ ರೀಡ್ ಕಮಿಟೆಡ್ ಸ್ನ್ಯಾಪ್‌ಶಾಟ್ ಆನ್ ಮಾಡುವುದು. 2005ರ ಆವೃತ್ತಿಯಿಂದ ಈ ಸೌಲಭ್ಯ ಇದೆ. ಆಗ ಓದುವವರಿಗೆ ಸಾಲಿನ ಹಿಂದಿನ ಪ್ರತಿ ಸಿಗುತ್ತದೆ, ಬರೆಯುವವರನ್ನು ಅವರು ತಡೆಯುವುದಿಲ್ಲ. ಎರಡನೆಯದನ್ನು ಮಾತ್ರ ಮಾಡಿ ಮೊದಲನೆಯದನ್ನು ಬಿಟ್ಟರೆ ಸೀರಿಯಲೈಸಬಲ್ ಕೋಡ್ ಹಳೇ ಚಾಳಿಯನ್ನೇ ಮುಂದುವರಿಸುತ್ತದೆ, ನೆನಪಿರಲಿ. ಹಳೆಯ ಪ್ರತಿಗಳು ಸರ್ವರಿನ ತಾತ್ಕಾಲಿಕ ಡೇಟಾಬೇಸಾದ ಟೆಂಪ್‌ಡಿಬಿಯಲ್ಲಿ ಕೂರುತ್ತವೆ, ಅಲ್ಲಿ ಜಾಗ ನೋಡಿಕೊಳ್ಳಿ. ಆನ್ ಮಾಡುವಾಗ ಆ ಡೇಟಾಬೇಸಿಗೆ ಬೇರೆ ಯಾರೂ ಸೇರಿಕೊಂಡಿರಬಾರದು. ಆದ್ದರಿಂದ ರಾತ್ರಿ ಮಾಡಿ.

ಪೋಸ್ಟ್‌ಗ್ರೆಸ್, ಒರಾಕಲ್, ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿ, ಈ ಬೇರೆ ಡೇಟಾಬೇಸುಗಳಲ್ಲಿ ಸಾಮಾನ್ಯ ಓದು ಬರೆಯುವವರನ್ನು ತಡೆಯುವುದಿಲ್ಲ. ಹಾಗಂತ ಪೂರ್ತಿ ನಿಶ್ಚಿಂತೆಯಿಂದ ಇರಬೇಡಿ. ಪೋಸ್ಟ್‌ಗ್ರೆಸ್‌ನಲ್ಲಿ ಯಾರೋ ಟ್ರಾನ್ಸಾಕ್ಷನ್ ತೆರೆದಿಟ್ಟು ಊಟಕ್ಕೆ ಹೋದರೆ, ಹಳೆಯ ಸಾಲುಗಳನ್ನು ವ್ಯಾಕ್ಯೂಮ್ ಎಂಬ ಗುಡಿಸುವ ಕೆಲಸಕ್ಕೆ ತೆಗೆಯಲಾಗದೆ ಟೇಬಲ್ ಊದುತ್ತಾ ಹೋಗುತ್ತದೆ.

ಎಸ್‌ಕ್ಯೂಎಲ್ ಸರ್ವರಿನಲ್ಲಿ ಲಾಕ್ ಲೆಕ್ಕಿಸದೆ ಓದುವ ನೋಲಾಕ್ ಅಂತ ಒಂದು ಶಾರ್ಟ್‌ಕಟ್ ಯಾರಾದರೂ ಹೇಳಿಯೇ ಹೇಳುತ್ತಾರೆ. ದುಡ್ಡಿನ ಲೆಕ್ಕಕ್ಕೆ ಸುತರಾಂ ಬೇಡ. ಇನ್ನೂ ಪಕ್ಕಾ ಆಗದ ಚೀಟಿಯೂ ಅದರಲ್ಲಿ ಕಾಣುತ್ತದೆ, ಒಂದೇ ಚೀಟಿ ಎರಡು ಸಲವೂ ಬರಬಹುದು, ಬಿಟ್ಟೂ ಹೋಗಬಹುದು. ಮೊತ್ತ ತಪ್ಪಿದರೆ ರೈತರ ಮುಂದೆ ನಿಲ್ಲಬೇಕಾದವರು ಗುಮಾಸ್ತರು.

ಬಾಗಿಲು ಒಂದೇ ಇರಲಿ

ಬೇರೆ ಸಾಫ್ಟ್‌ವೇರಿಗೆ ನಿಮ್ಮ ಟೇಬಲ್ಲುಗಳನ್ನು ನೇರ ತೋರಿಸಬೇಡಿ. ಬೇಕಾದ ಕಾಲಂಗಳು ಮಾತ್ರ ಇರುವ ವ್ಯೂ (ಟೇಬಲ್ಲನ್ನು ನೋಡುವ ಕಿಟಕಿ) ಮಾಡಿ. ಓದುವುದಕ್ಕಷ್ಟೇ ಹಕ್ಕಿರುವ ಬೇರೆ ಲಾಗಿನ್ ಕೊಡಿ, ಅದಕ್ಕೆ ಆ ವ್ಯೂಗಳಷ್ಟೇ ಕಾಣಲಿ. ನಾಳೆ ನೀವು ಒಳಗಿನ ಟೇಬಲ್ ಬದಲಾಯಿಸಿದರೂ ವ್ಯೂ ಹಾಗೇ ಇದ್ದರೆ ಆಚೆಯವರಿಗೆ ಗೊತ್ತೇ ಆಗುವುದಿಲ್ಲ. ಆ ಲಾಗಿನ್ ಎಷ್ಟು ಕನೆಕ್ಷನ್ ತೆರೆಯಬಹುದು, ಕ್ವೆರಿ ಎಷ್ಟು ಸೆಕೆಂಡ್ ಓಡಬಹುದು ಎಂಬುದಕ್ಕೂ ಮಿತಿ ಹಾಕಿ. ಪೋಸ್ಟ್‌ಗ್ರೆಸ್‌ನಲ್ಲಿ ಇವೆರಡನ್ನೂ ಆ ಲಾಗಿನ್‌ಗೇ ಕಟ್ಟಬಹುದು.

ನಕಲು ತೆಗೆಯುವ ದಾರಿಗಳು

ನಿನ್ನೆಯದು ನಡೆಯುವ ಅಂಕಿಗಳಿಗೆ ರಾತ್ರಿ ನಕಲು ಸಾಕು. ಬ್ಯಾಕಪ್ಪನ್ನು ಇನ್ನೊಂದು ಯಂತ್ರದಲ್ಲಿ ಬಿಚ್ಚಿದರೂ ಆಯಿತು. ಇದರಲ್ಲಿ ಒಂದು ಉಪಕಾರ ಇದೆ. ಬ್ಯಾಕಪ್ ನಿಜವಾಗಿ ಬಿಚ್ಚಿಕೊಳ್ಳುತ್ತದೋ ಇಲ್ಲವೋ ಅಂತ ದಿನಾ ಗೊತ್ತಾಗುತ್ತದೆ.

ಐದು-ಹತ್ತು ನಿಮಿಷದ ಅಂಕಿಗೆ ಬದಲಾದ ಸಾಲುಗಳನ್ನಷ್ಟೇ ತರಬೇಕು. ಕೇಳಲು ಸುಲಭ. ಕೊನೆಗೆ ಬದಲಾದ ಸಮಯದ ಕಾಲಂ ಇಟ್ಟು, ಅದಕ್ಕೆ ಇಂಡೆಕ್ಸ್ (ಬೇಗ ಹುಡುಕಲು ಸೂಚಿ) ಹಾಕಿ, "ಹೋದ ಸಲದ ನಂತರದ್ದು ಕೊಡು" ಎಂದು ಕೇಳುವುದು. ನಾವೂ ಹೀಗೇ ಶುರುಮಾಡಿದೆವು, ಮೂರು ಕಡೆ ಎಡವಿದೆವು.

ಮೊದಲನೆಯದು, ಅಳಿಸಿದ ಚೀಟಿ. ಸಾಲೇ ಇಲ್ಲದ ಮೇಲೆ ಬದಲಾದ ಸಮಯ ಎಲ್ಲಿಂದ ಬರಬೇಕು? ನಕಲಿನಲ್ಲಿ ಆ ಚೀಟಿ ಬದುಕಿಯೇ ಇತ್ತು. ಈಗ ಯಾರೂ ಅಳಿಸುವುದಿಲ್ಲ, ರದ್ದು ಎಂದು ಗುರುತು ಹಾಕುತ್ತಾರೆ. ಚೀಟಿ ಪುಸ್ತಕದಲ್ಲಿ ಹಾಳೆ ಹರಿಯದೆ ಅಡ್ಡಗೆರೆ ಎಳೆಯುತ್ತಾರಲ್ಲ, ಅದೇ ಪದ್ಧತಿ.

ಎರಡನೆಯದು ಮೋಸದ್ದು. ಒಂದು ಚೀಟಿಯ ಸಮಯ 11.00 ಎಂದು ಬಿತ್ತು, ಆದರೆ ಪಕ್ಕಾ ಆಗಿ ಹೊರಗೆ ಕಂಡದ್ದು 11.02ಕ್ಕೆ. ನಾವು 11.01ಕ್ಕೆ ಬಂದು ಅಲ್ಲಿಯವರೆಗಿನದನ್ನು ಒಯ್ದಿದ್ದೆವು. ಮುಂದಿನ ಸಲ 11.01ರ ನಂತರದ್ದನ್ನು ಕೇಳಿದೆವು. ಆ ಚೀಟಿ ನಮಗೆ ಎಂದೂ ಸಿಗಲಿಲ್ಲ. ಹಾಗಾಗಿ ಪ್ರತಿ ಸಲವೂ ಕೆಲವು ನಿಮಿಷ ಹಿಂದೆ ಸರಿದು ಕೇಳಿ. ಒಂದೇ ಸಾಲು ಎರಡು ಸಲ ಬಂದರೆ ಬರಲಿ. ಹಾಕುವಾಗ "ಇದ್ದರೆ ತಿದ್ದು, ಇಲ್ಲದಿದ್ದರೆ ಸೇರಿಸು" ಎಂದು ಬರೆದಿದ್ದರೆ ತೊಂದರೆ ಇಲ್ಲ. ಎಸ್‌ಕ್ಯೂಎಲ್ ಸರ್ವರಿನಲ್ಲಿ ಸಮಯದ ಬದಲು, ಸಾಲು ಬದಲಾದಾಗಲೆಲ್ಲ ತಾನೇ ಏರುವ ಸಂಖ್ಯೆಯ ರೋವರ್ಷನ್ ಕಾಲಂ ಬಳಸಿ, ಇನ್ನೂ ಪಕ್ಕಾ ಆಗದ ಬದಲಾವಣೆಗಳ ಕನಿಷ್ಠ ಸಂಖ್ಯೆ ಹೇಳುವ ಮಿನ್ ಆ್ಯಕ್ಟಿವ್ ರೋವರ್ಷನ್ ಎಂಬ ಫಂಕ್ಷನ್ ಕೊಡುವ ಸಂಖ್ಯೆಗಿಂತ ಕೆಳಗಿನದನ್ನಷ್ಟೇ ಒಯ್ದರೆ ಈ ಮೋಸ ಇನ್ನೂ ಚೆನ್ನಾಗಿ ತಪ್ಪುತ್ತದೆ.

ಮೂರನೆಯದು ದೊಡ್ಡ ತುತ್ತು. ಹಳೆಯ ಮೂರು ವರ್ಷದ ಚೀಟಿಗಳನ್ನು ಮೊದಲ ಸಲ ತರುವಾಗ ಒಂದೇ ಏಟಿಗೆ ಎಳೆಯಬೇಡಿ. ಎರಡು ಸಾವಿರ ಸಾಲು, ಸ್ವಲ್ಪ ಬಿಡುವು, ಮತ್ತೆ ಎರಡು ಸಾವಿರ. "ಮೊದಲ ಲಕ್ಷ ಬಿಟ್ಟು ನಂತರದ್ದು ಕೊಡು" ಎಂದು ಕೇಳಿದರೆ ಡೇಟಾಬೇಸ್ ಆ ಲಕ್ಷವನ್ನೂ ಎಣಿಸಿಯೇ ಬಿಡುತ್ತದೆ. ಅದರ ಬದಲು "ಈ ಚೀಟಿ ನಂಬರಿನ ನಂತರದ್ದು" ಎಂದು ಕೇಳಿ.

ಇನ್ನೂ ಹಗುರವಾದ ದಾರಿ ಇದೆ, ನನಗೆ ಬಹಳ ಇಷ್ಟವಾದದ್ದು. ಹಳೆಯ ದಲಾಲಿ ಅಂಗಡಿಗಳಲ್ಲಿ ಎರಡು ಪುಸ್ತಕ ಇರುತ್ತಿದ್ದವು. ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುವುದು ಕಿರ್ದಿ. ಅದನ್ನು ನೋಡಿ ಒಬ್ಬೊಬ್ಬರ ಖಾತೆಗೆ ಏರಿಸುವುದು ಖತಾವಣಿ. ಖತಾವಣಿ ಬರೆಯುವವರು ಗಲ್ಲಾದ ಮೇಲೆ ಕೂತವರನ್ನು ಮಾತನಾಡಿಸುತ್ತಲೇ ಇರಲಿಲ್ಲ, ಕಿರ್ದಿ ಓದಿಕೊಂಡು ತಮ್ಮ ಪಾಡಿಗೆ ಬರೆಯುತ್ತಿದ್ದರು. ಡೇಟಾಬೇಸಿಗೂ ಒಂದು ಕಿರ್ದಿ ಇದೆ. ಎಸ್‌ಕ್ಯೂಎಲ್ ಸರ್ವರಿನಲ್ಲಿ ಟ್ರಾನ್ಸಾಕ್ಷನ್ ಲಾಗ್, ಮೈಎಸ್‌ಕ್ಯೂಎಲ್‌ನಲ್ಲಿ ಬಿನ್‌ಲಾಗ್, ಪೋಸ್ಟ್‌ಗ್ರೆಸ್‌ನಲ್ಲಿ ವಾಲ್. ಅದನ್ನು ಓದಿ ನಕಲು ಕಟ್ಟಿಕೊಂಡರೆ ಟೇಬಲ್ಲುಗಳನ್ನು ಪದೇ ಪದೇ ಕೆದಕುವುದೇ ಬೇಕಿಲ್ಲ. ಅಳಿಸಿದ್ದೂ ಅಲ್ಲಿ ದಾಖಲಾಗಿರುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ 2017ರ 10ನೇ ಆವೃತ್ತಿಯಿಂದ ಹೀಗೆ ನಕಲು ಕಟ್ಟುವ ಲಾಜಿಕಲ್ ರೆಪ್ಲಿಕೇಶನ್ ಒಳಗೇ ಬಂದಿದೆ. ಎಸ್‌ಕ್ಯೂಎಲ್ ಸರ್ವರಿನಲ್ಲಿ ಲಾಗಿನಿಂದ ಬದಲಾವಣೆ ಹೆಕ್ಕುವ ಚೇಂಜ್ ಡೇಟಾ ಕ್ಯಾಪ್ಚರ್ ಇದೆ. ಬೇರೆ ಬೇರೆ ಡೇಟಾಬೇಸ್ ಬೆರೆತಿದ್ದರೆ ಡೆಬಿಝಿಯಂ ಎಂಬ ಮುಕ್ತ ತಂತ್ರಾಂಶ ಲಾಗ್ ಓದಿ ಸಾಮಾನ್ಯವಾಗಿ ಕಾಫ್ಕಾ ಎಂಬ ಸಂದೇಶ ಸಾಗಿಸುವ ವ್ಯವಸ್ಥೆಗೆ ಹಾಕುತ್ತದೆ. ಒಂದು ವೇಬ್ರಿಡ್ಜಿಗೆ ಕಾಫ್ಕಾ ಅಂದರೆ ಒಂದು ಚೀಲ ಸಾಗಿಸಲು ಲಾರಿ ಕಟ್ಟಿದ ಹಾಗೆ. ಹತ್ತು ಸಾಫ್ಟ್‌ವೇರ್ ಇರುವ ಕಂಪನಿಗೆ ಸರಿ.

ಒಂದು ಎಚ್ಚರಿಕೆ. ಪೋಸ್ಟ್‌ಗ್ರೆಸ್‌ನಲ್ಲಿ ಕಿರ್ದಿ ಓದುವವರಿಗಾಗಿ, ಎಲ್ಲಿಯವರೆಗೆ ಓದಿದರು ಎಂದು ಗುರುತಿಡುವ ಒಂದು ಸ್ಲಾಟ್ ಇರುತ್ತದೆ. ಓದುವವರು ನಾಪತ್ತೆಯಾದರೆ, "ಬಂದು ಓದ್ತಾರೆ" ಎಂದು ಡೇಟಾಬೇಸ್ ಹಳೆಯ ವಾಲ್ ಫೈಲ್‌ಗಳನ್ನೆಲ್ಲ ಇಟ್ಟುಕೊಂಡು ಕೂರುತ್ತದೆ. ಕೊನೆಗೆ ಡಿಸ್ಕ್ ತುಂಬಿ ಮೂಲ ಡೇಟಾಬೇಸೇ ನಿಲ್ಲುತ್ತದೆ. 13ನೇ ಆವೃತ್ತಿಯಿಂದ ಇದಕ್ಕೆ ಮಿತಿ ಹಾಕಬಹುದು. ತಾನಾಗಿ ಬರುವುದಿಲ್ಲ, ನೀವೇ ಹಾಕಬೇಕು.

ಸಣ್ಣ ಕಂಪನಿಗಳಲ್ಲಿ ಜಾಸ್ತಿ ಇರುವುದು ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್, ಪುಕ್ಕಟೆಯದು. ಅದರಲ್ಲಿ ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಏಜೆಂಟ್ ಇರುವುದಿಲ್ಲ, ಹಾಗಾಗಿ ಚೇಂಜ್ ಡೇಟಾ ಕ್ಯಾಪ್ಚರ್ ನಡೆಯುವುದಿಲ್ಲ. ಅಲ್ಲಿ ಯಾವ ಸಾಲು ಬದಲಾಯಿತು ಎಂದು ಗುರುತಿಡುವ ಚೇಂಜ್ ಟ್ರ್ಯಾಕಿಂಗ್ ಬಳಸಿ, ವಿಂಡೋಸ್ ಟಾಸ್ಕ್ ಶೆಡ್ಯೂಲರಿನಿಂದ ಓಡಿಸಿ. ನಮ್ಮಲ್ಲಿ ಕೊನೆಗೆ ಉಳಿದದ್ದು ಇದೇ. ಸಾಲು ಬದಲಾದೊಡನೆ ತಾನೇ ಓಡುವ ಟ್ರಿಗರ್ ಬರೆದು ಪಕ್ಕದ ಡೇಟಾಬೇಸಿಗೆ ನೇರ ತಳ್ಳುವ ಆಸೆಯೂ ಬರುತ್ತದೆ, ಬೇಡ. ಟ್ರಿಗರ್ ಓಡುವುದು ಅದೇ ಟ್ರಾನ್ಸಾಕ್ಷನ್ನಿನ ಒಳಗೆ. ಆಚೆ ಕಡೆಯ ನೆಟ್‌ವರ್ಕ್ ಕೈಕೊಟ್ಟರೆ ಈಚೆ ಕಡೆ ಚೀಟಿ ಬರುವುದಿಲ್ಲ.

ಆ ಕ್ಷಣದ್ದೇ ಬೇಕಾದ ಒಂದು ಅಂಕಿ

ರೈತರ ಬಾಕಿಗೆ ನಕಲು ಬೇಡ. ದುಡ್ಡಿನ ಸಾಫ್ಟ್‌ವೇರನ್ನೇ ಕೇಳಬೇಕು, ಅದೂ ಒಬ್ಬರದೇ ಖಾತೆ, ಒಂದೇ ಸಾಲು, ಇಂಡೆಕ್ಸ್ ಮೇಲಿಂದ. ಎರಡು ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ "ಈಗ ಸಿಗುತ್ತಿಲ್ಲ" ಎಂದು ತೋರಿಸಲಿ. ಕಾಯುತ್ತಾ ಕೂತರೆ ಎರಡೂ ನಿಲ್ಲುತ್ತವೆ.

ಹೆಸರು ಹೊಂದಿಸುವ ಗೋಳು

ವೇಗದ ಮಾತಾಡುವಾಗ ಇದು ಯಾರಿಗೂ ನೆನಪಾಗುವುದಿಲ್ಲ. ಎರಡು ಡೇಟಾಬೇಸಿನಲ್ಲಿ ಒಬ್ಬರೇ ರೈತರು ಎರಡು ಥರ ಇರುತ್ತಾರೆ. ಹೆಸರು ನೋಡಿ ಜೋಡಿಸಲೇಬೇಡಿ, ಎರಡೂ ಕಡೆಯ ಸಂಖ್ಯೆಗಳ ಒಂದು ಹೊಂದಾಣಿಕೆ ಟೇಬಲ್ ಮಾಡಿ. ನಮ್ಮ ಹಳೆಯ ಡೇಟಾದಲ್ಲಿ ಹೆಸರುಗಳು ಯೂನಿಕೋಡ್ ಪೂರ್ವದ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿದ್ದವು. ಹೊಸದರಲ್ಲಿ ಯೂನಿಕೋಡ್. ಹಳೆಯದು ಹೊಸ ಪರದೆಯಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅದನ್ನು ತರುವ ಮುಂಚೆಯೇ ಪರಿವರ್ತಿಸಿ, ದಿನಾ ಓದುವಾಗ ಅಲ್ಲ. ಎಸ್‌ಕ್ಯೂಎಲ್ ಸರ್ವರಿನಲ್ಲಿ ಕನ್ನಡ ಹೆಸರಿಗೆ ಯೂನಿಕೋಡ್ ಹಿಡಿಯುವ ಎನ್‌ವಾರ್‌ಕ್ಯಾರ್ ಕಾಲಂ ಬೇಕು. ಮಾಮೂಲಿ ವಾರ್‌ಕ್ಯಾರ್‌ಗೆ ಹಾಕಿದರೆ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆ ಬಂದು ಕೂರುತ್ತವೆ, ಮರಳಿ ಸಿಗುವುದಿಲ್ಲ.

ಇದರಲ್ಲೇ ಒಂದು ವೇಗದ ಗುಟ್ಟೂ ಇದೆ. ಗಾಡಿ ನಂಬರಿನ ಕಾಲಂ ವಾರ್‌ಕ್ಯಾರ್, ಹುಡುಕಲು ಕಳಿಸಿದ್ದು ಎನ್‌ವಾರ್‌ಕ್ಯಾರ್ ಆಗಿದ್ದರೆ, ಹಳೆಯ ಎಸ್‌ಕ್ಯೂಎಲ್ ಕೊಲೇಶನ್ (ಅಕ್ಷರ ಹೋಲಿಸುವ ನಿಯಮ) ಇರುವ ಡೇಟಾಬೇಸ್ ಇಂಡೆಕ್ಸಿನಲ್ಲಿ ನೇರ ಜಾಗಕ್ಕೆ ಹೋಗುವುದನ್ನು ಬಿಟ್ಟು ಎಲ್ಲವನ್ನೂ ಓದುತ್ತದೆ. ನಮ್ಮ ಒಂದು ಕ್ವೆರಿ ನಿಧಾನವಾಗಿದ್ದಕ್ಕೆ ಕಾರಣ ಇಷ್ಟೇ. ಸರ್ವರಿಗೆ ರ್‍ಯಾಮ್ ಹಾಕಿಸಲು ಹೊರಟಿದ್ದೆವು.

ಕೊನೆಯದಾಗಿ, ಪರದೆಯ ಮೇಲೆ ಒಂದು ಸಾಲು

ಶುರುಮಾಡುವ ಮುಂಚೆ ಸುಗ್ಗಿಯ ಒಂದು ದಿನ ಚೀಟಿ ಉಳಿಸಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಬರೆದಿಟ್ಟುಕೊಳ್ಳಿ. ಆಮೇಲೆ ಹೋಲಿಸಲು ಬೇಕು. ಏಪ್ರಿಲ್‌ನಲ್ಲಿ ಅಳೆದರೆ ಎಲ್ಲವೂ ಚೆನ್ನಾಗೇ ಕಾಣುತ್ತದೆ. ನಕಲಿನ ಪ್ರತಿ ಪರದೆಯ ಮೇಲೂ "ಈ ಲೆಕ್ಕ ಇಷ್ಟು ಗಂಟೆಯವರೆಗಿನದು" ಎಂದು ಬರೆಯಿರಿ. ನಕಲು ನಿಂತರೆ ಮೂಲದವರಿಗೆ ಗೊತ್ತಾಗುವುದಿಲ್ಲ, ಅಂಕಿಗಳು ಸುಮ್ನೆ ನಿನ್ನೆಯದಾಗಿ ನಗುತ್ತಾ ಕೂತಿರುತ್ತವೆ.

ನಮ್ಮ ಸಾಹುಕಾರರು ಈಗ ಕ್ವಿಂಟಲ್ ನೋಡುವ ಮುಂಚೆ ಆ ಸಾಲು ನೋಡುತ್ತಾರೆ. ಹತ್ತು ನಿಮಿಷ ದಾಟಿದರೆ ನನಗೆ ಫೋನ್ ಬರುತ್ತದೆ. ವೇಬ್ರಿಡ್ಜಿನಿಂದ ಮಾತ್ರ ಬಂದಿಲ್ಲ.