ಕೂಲಂಟ್ ಸೋರುತ್ತಿದೆಯಾ? ರೇಡಿಯೇಟರ್ ಬದಲಿಸುವ ಮುಂಚೆ ಜಾಗ ಹುಡುಕಿ

ಎಂಜಿನ್ ತಂಪಾಗಿಡುವ ದ್ರವವಾದ ಕೂಲಂಟ್‌ನ ಬಾಟಲಿಯಲ್ಲಿ ಮಟ್ಟ ಇಳಿಯುತ್ತಲೇ ಇರುತ್ತದೆ, ನೆಲದ ಮೇಲೆ ಮಾತ್ರ ಒಂದು ಹನಿಯೂ ಕಾಣುವುದಿಲ್ಲ. ಇಂಥ ಕಾರಿನವರು ಸಾಮಾನ್ಯವಾಗಿ ಮಾಡುವುದು ಎರಡೇ ಕೆಲಸ. ವಾರಕ್ಕೊಮ್ಮೆ ನಲ್ಲಿ ನೀರು ಸುರಿದು ಸುಮ್ಮನಾಗುತ್ತಾರೆ. ಇಲ್ಲವೇ ಯಾರೋ ಹೇಳಿದರೆಂದು ರೇಡಿಯೇಟರ್ ಬದಲಿಸುತ್ತಾರೆ, ಅದಕ್ಕೂ ನಿಲ್ಲದಿದ್ದರೆ ವಾಟರ್ ಪಂಪ್, ಆಮೇಲೆ ಹೋಸ್‌ಗಳು, ಕೊನೆಗೆ ನೋಡಿದರೆ ಸೋರುತ್ತಿದ್ದದ್ದು ಒಂದು ಸಡಿಲ ಕ್ಲಿಪ್.

ಮೊದಲು ನಿಜವಾಗಿಯೂ ಇಳಿಯುತ್ತಿದೆಯಾ ನೋಡಿ. ಸಮತಟ್ಟಾದ ಜಾಗ, ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ ಬಾಟಲಿ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ. ಬಿಸಿ ಎಂಜಿನ್‌ನಲ್ಲಿ ಮಟ್ಟ ಮೇಲೇರುವುದು ಸಹಜ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕಾರಿನಡಿ ಬಣ್ಣ, ವಾಸನೆ ಯಾವುದೂ ಇಲ್ಲದ ನೀರು ಬಿದ್ದಿದ್ದರೆ ಅದು ಎಸಿ ನೀರು.

ಆಮೇಲೆ ಟಾರ್ಚ್ ಹಿಡಿದು ಕಲೆ ಹುಡುಕಿ. ಕೂಲಂಟ್ ಒಣಗಿದ ಕಡೆ ಬಿಳಿ, ಹಸಿರು ಅಥವಾ ಗುಲಾಬಿ ಪುಡಿ ಕಟ್ಟಿರುತ್ತದೆ. ಹೋಸ್‌ಗಳ ತುದಿ, ರೇಡಿಯೇಟರ್‌ನ ಪ್ಲಾಸ್ಟಿಕ್ ಭಾಗ ಅಲ್ಯೂಮಿನಿಯಂಗೆ ಕೂಡುವ ಅಂಚು, ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ಕೂಲಂಟ್ ಹರಿಯಬಿಡುವ ವಾಲ್ವ್) ಕೂರಿಸಿರುವ ಜಾಗ, ವಾಟರ್ ಪಂಪ್ ಕೆಳಗಿನ ಸಣ್ಣ ತೂತು, ಇಲ್ಲೆಲ್ಲ ನೋಡಿ. ಆ ತೂತು ಇರುವುದೇ ಒಳಗಿನ ಸೀಲ್ ಹೋಗಿದೆ ಎಂದು ಹೇಳಲಿಕ್ಕೆ. ಅದಕ್ಕೆ ಎಂ-ಸೀಲ್ ಮೆತ್ತುವವರನ್ನು ನೋಡಿದ್ದೇನೆ, ದಯವಿಟ್ಟು ಬೇಡ.

ಜನ ಎಡವುವುದು ಮುಂದಿನ ಹಂತದಲ್ಲಿ. ಎಂಜಿನ್ ಓಡಿಸಿ, ಬಿಸಿ ಮಾಡಿ, ಬಗ್ಗಿ ಬಗ್ಗಿ ನೋಡುತ್ತಾರೆ. ಸಣ್ಣ ಸೋರಿಕೆ ಆಗ ಸಿಗುವುದು ಕಷ್ಟ, ಏಕೆಂದರೆ ಹೊರಬಂದ ಹನಿ ಬಿಸಿ ಲೋಹದ ಮೇಲೆ ಆವಿಯಾಗಿಬಿಡುತ್ತದೆ, ಉಳಿದದ್ದನ್ನು ಫ್ಯಾನ್ ಎಲ್ಲಿಗೋ ಹಾರಿಸುತ್ತದೆ. ಬಿಸಿಗೆ ಹಿಗ್ಗಿ ಬಿಗಿಯಾಗುವ ಕೆಲವು ಜಾಯಿಂಟ್‌ಗಳು ರಾತ್ರಿ ತಣ್ಣಗಾದ ಮೇಲೆ ಮಾತ್ರ ಜಿನುಗುತ್ತವೆ. ಹಾಗಾಗಿ ಬೇಕಾಗಿರುವುದು ತಣ್ಣನೆಯ ಎಂಜಿನ್ ಮತ್ತು ಪ್ರೆಷರ್ ಟೆಸ್ಟರ್. ಮೀಟರ್ ಇರುವ ಕೈಪಂಪು ಅಷ್ಟೇ, ರೇಡಿಯೇಟರ್ ರಿಪೇರಿ ಅಂಗಡಿಗಳಲ್ಲಿ ಕೇಳಿ, ಆನ್‌ಲೈನ್‌ನಲ್ಲೂ ಸಿಗುತ್ತದೆ.

ರೇಡಿಯೇಟರ್ ಕ್ಯಾಪ್ ತೆಗೆಯಿರಿ. ಎಂಜಿನ್ ಬಿಸಿಯಿದ್ದರೆ ಮುಟ್ಟಲೇಬೇಡಿ, ಬಟ್ಟೆ ಸುತ್ತಿ ತೆಗೆಯುವ ಸಾಹಸವೂ ಬೇಡ, ಮುಖ ಸುಟ್ಟುಕೊಳ್ಳುತ್ತೀರಿ. ಕೆಲವು ಕಾರುಗಳಲ್ಲಿ ರೇಡಿಯೇಟರ್ ಮೇಲೆ ಕ್ಯಾಪೇ ಇರುವುದಿಲ್ಲ, ಬಾಟಲಿ ಮುಚ್ಚಳವೇ ಪ್ರೆಷರ್ ಕ್ಯಾಪ್. ಮಟ್ಟ ಸರಿ ಮಾಡಿ, ಆ ಜಾಗಕ್ಕೆ ಟೆಸ್ಟರ್ ಕೂರಿಸಿ. ಕ್ಯಾಪ್ ಮೇಲೆ 0.9 ಅಥವಾ 1.1 ಅಂತ ಏನಾದರೂ ಬರೆದಿರುತ್ತದೆ, ಅದು ಬಾರ್ ಲೆಕ್ಕದ ಒತ್ತಡ. ಅಷ್ಟಕ್ಕೇ ಪಂಪ್ ಮಾಡಿ. ಇನ್ನೊಂದೆರಡು ಸಲ ಒತ್ತಿದರೆ ಬೇಗ ಗೊತ್ತಾಗುತ್ತದೆ ಎನ್ನುವವರ ಮಾತು ಕೇಳಿದರೆ ಚೆನ್ನಾಗಿದ್ದ ಹಳೇ ರೇಡಿಯೇಟರೂ ಬಾಯಿ ಬಿಡುತ್ತದೆ. ಈಗ ಕಾಯಿರಿ. ಐದು ನಿಮಿಷ ಸಾಲದು, ಅರ್ಧ ಗಂಟೆ ಬಿಡಿ. ಮೀಟರ್ ಮುಳ್ಳು ಇಳಿಯುತ್ತಿದ್ದರೆ ಟಿಶ್ಯೂ ಪೇಪರ್ ತೆಗೆದುಕೊಂಡು ಒಂದೊಂದೇ ಜಾಯಿಂಟ್ ಒರೆಸುತ್ತಾ ಹೋಗಿ, ಕಣ್ಣಿಗೆ ಕಾಣದ ಕಡೆ ಸಣ್ಣ ಕನ್ನಡಿ ಹಿಡಿಯಿರಿ. ಹನಿ ಬಿದ್ದ ಜಾಗವಲ್ಲ, ಒದ್ದೆಯಾಗಿರುವ ಎಲ್ಲಕ್ಕಿಂತ ಮೇಲಿನ ಜಾಗವೇ ಮೂಲ. ಕ್ಯಾಪನ್ನೂ ಟೆಸ್ಟರ್‌ಗೆ ಹಾಕಿ ನೋಡಿ. ಅದರ ಸ್ಪ್ರಿಂಗ್ ಸೋತಿದ್ದರೂ ಕೂಲಂಟ್ ಹೊರಗೆ ಹೋಗುತ್ತದೆ.

ಮುಳ್ಳು ಇಳಿಯಿತು, ಹೊರಗೆಲ್ಲೂ ಹನಿಯಿಲ್ಲ ಅಂದರೆ ಮುಂದಿನ ಎಡಗಡೆ ಸೀಟಿನ ಕಾಲಡಿಯ ಮ್ಯಾಟ್ ಎತ್ತಿ ಮುಟ್ಟಿ. ಅಂಟಂಟಾಗಿ, ಸಿಹಿ ವಾಸನೆ ಬಂದರೆ ಹೀಟರ್ ಕೋರ್ (ಡ್ಯಾಶ್‌ಬೋರ್ಡ್ ಒಳಗಿನ ಪುಟ್ಟ ರೇಡಿಯೇಟರ್) ಸೋರುತ್ತಿದೆ. ನಮ್ಮ ಊರಲ್ಲಿ ಹೀಟರ್ ಯಾರು ಹಾಕುತ್ತಾರೆ ಅನ್ನಬೇಡಿ, ಎಷ್ಟೋ ಕಾರುಗಳಲ್ಲಿ ಹಾಕದಿದ್ದರೂ ಕೂಲಂಟ್ ಅಲ್ಲಿ ಹರಿಯುತ್ತಲೇ ಇರುತ್ತದೆ. ಬರೀ ನೀರಾದರೆ ಎಸಿ ನೀರು ಹೊರಹೋಗುವ ಪೈಪ್ ಕಟ್ಟಿಕೊಂಡಿದೆ. ಮ್ಯಾಟ್ ಒಣಗಿದ್ದು, ಶಿರಾಡಿ ಘಾಟಿ ಹತ್ತಿದಾಗ ಮಾತ್ರ ಮಟ್ಟ ಇಳಿಯುತ್ತದೆ, ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ, ಬಾಟಲಿಯಲ್ಲಿ ಗುಳ್ಳೆ ಇದೆ ಅಂದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ಹೋಗಿರುವ ಅನುಮಾನ. ಅಲ್ಲಿಗೆ ಕಾರು ಓಡಿಸುವುದು ನಿಲ್ಲಿಸಿ ಮೆಕ್ಯಾನಿಕ್‌ಗೆ ಒಪ್ಪಿಸಿ.

ರೇಡಿಯೇಟರ್‌ಗೆ ಅರಿಶಿನ ಹಾಕಿದರೆ ಸೋರಿಕೆ ನಿಲ್ಲುತ್ತದೆ ಎಂದು ಹೇಳುವವರು ಸಿಕ್ಕೇ ಸಿಗುತ್ತಾರೆ. ರಾತ್ರಿ ಹೊತ್ತು ದಾರಿಯಲ್ಲಿ ಸಿಕ್ಕಿಬಿದ್ದರೆ ಮನೆ ಸೇರಲು ಪರವಾಗಿಲ್ಲ, ಅದಕ್ಕಿಂತ ಜಾಸ್ತಿ ಬೇಡ. ಅಂಗಡಿಯ ಲೀಕ್ ಸ್ಟಾಪ್ ಡಬ್ಬಿಯೂ ಅಷ್ಟೇ, ಸೋರುವ ತೂತಿನ ಜೊತೆಗೆ ಹೀಟರ್ ಕೋರ್‌ನ ಸಣ್ಣ ಕೊಳವೆಗಳನ್ನೂ ಮುಚ್ಚಿಬಿಡಬಹುದು. ನಾನಂತೂ ಹಾಕುವುದಿಲ್ಲ.

ಜಾಗ ಸಿಕ್ಕಿದ ಮೇಲೆ ರಿಪೇರಿ ಸುಲಭ: ಕ್ಲಿಪ್ ಬಿಗಿ ಮಾಡಿ, ಹೋಸ್ ಬಿರಿದಿದ್ದರೆ ಹೊಸದು ಹಾಕಿ. ಮತ್ತೆ ತುಂಬಿಸುವಾಗ ಕಾರಿನ ಪುಸ್ತಕದಲ್ಲಿ ಹೇಳಿದ ಕೂಲಂಟನ್ನೇ ಹಾಕಿ. ಬಣ್ಣ ಒಂದೇ ಅಂತ ಯಾವುದೋ ಅಗ್ಗದ ಡಬ್ಬಿ ತರಬೇಡಿ, ಅದರಲ್ಲಿ ಬಣ್ಣದ ನೀರು ಬಿಟ್ಟು ಹೆಚ್ಚೇನೂ ಇಲ್ಲದಿರಬಹುದು. ಬೋರ್‌ವೆಲ್ ನೀರಂತೂ ಬೇಡವೇ ಬೇಡ, ಒಳಗೆ ಸುಣ್ಣದಂಥ ಪದರ ಕಟ್ಟುತ್ತದೆ. ಚೆಲ್ಲಿದ ಕೂಲಂಟ್ ತಕ್ಷಣ ತೊಳೆಯಿರಿ, ರುಚಿ ಸಿಹಿಯಾದ್ದರಿಂದ ನಾಯಿ ಬೆಕ್ಕು ನೆಕ್ಕುತ್ತವೆ, ಅದು ವಿಷ. ಮಾರನೇ ದಿನ ಬೆಳಿಗ್ಗೆ ಗೆರೆ ನೋಡಿ. ಸ್ವಲ್ಪ ಇಳಿದಿದ್ದರೆ ಒಳಗಿದ್ದ ಗಾಳಿ ಹೊರಬಂದಿರಬಹುದು, ತುಂಬಿಸಿ. ಆಮೇಲೂ ಇಳಿಯುತ್ತಿದ್ದರೆ ಟೆಸ್ಟರ್ ಮತ್ತೆ ಕೂರಿಸಿ, ಎರಡನೇ ತೂತು ಎಲ್ಲೋ ಇದೆ.