ಪಠ್ಯ ಪಾಸ್, ಪುಟ ಫೇಲ್: ಪಿಡಿಎಫ್ ತಿದ್ದುವ ಎಐ ಸ್ಕಿಲ್ ಅನ್ನು ನಾನು ಪರೀಕ್ಷಿಸಿದ ಬಗೆ

ಹೇಳಿದ ಕೆಲಸವನ್ನು ತಾನೇ ಮಾಡುವ ಎಐ ಏಜೆಂಟ್, ಕೆಲಸ ಮುಗಿಸಿದ ಮೇಲೆ ಬರೆದು ಒಪ್ಪಿಸುವ ವರದಿಯನ್ನು ನಾನು ಓದುವುದಿಲ್ಲ. ‘ಬಾಡಿಗೆ ಮೊತ್ತವನ್ನು ತಿದ್ದಿದ್ದೇನೆ, ಉಳಿದದ್ದೆಲ್ಲ ಇದ್ದ ಹಾಗೆಯೇ ಇದೆ’ ಎಂದು ಅದು ಎಷ್ಟೇ ವಿನಯದಿಂದ ಹೇಳಲಿ, ನಾನು ತೆರೆದು ನೋಡುವುದು ಕಡತವನ್ನು. ನಮ್ಮ ಕಚೇರಿಗೆ ಬರುವ ಕರಾರು ಪತ್ರ, ಸಂಘದ ಬೈಲಾ, ಆಹ್ವಾನ ಪತ್ರಿಕೆಗಳಲ್ಲಿ ಹೆಚ್ಚಿನವು ಪಿಡಿಎಫ್ ರೂಪದಲ್ಲಷ್ಟೇ ಉಳಿದಿರುತ್ತವೆ. ಮೂಲ ಕಡತ ಯಾರ ಬಳಿಯೂ ಇರುವುದಿಲ್ಲ. ಅವುಗಳನ್ನು ತಿದ್ದಲು ಎಐ ಏಜೆಂಟ್‌ಗೆ ಒಂದು ಸ್ಕಿಲ್ ಜೋಡಿಸಿಕೊಳ್ಳೋಣವೇ ಎಂಬ ಮಾತು ಎದ್ದಾಗ ಪರೀಕ್ಷೆಯ ಹೊಣೆ ನನ್ನ ಹೆಗಲಿಗೆ ಬಿತ್ತು.

ಸ್ಕಿಲ್ ಎಂದರೆ ದೊಡ್ಡ ತಂತ್ರಾಂಶವೇನಲ್ಲ, ಒಂದು ಫೋಲ್ಡರ್ ಅಷ್ಟೆ. ಅದರೊಳಗೆ ಒಂದು ಕೆಲಸವನ್ನು ಹೇಗೆ ಮಾಡಬೇಕೆಂದು ಏಜೆಂಟ್‌ಗೆ ಹೇಳಿಕೊಡುವ ಸ್ಕಿಲ್.ಎಂಡಿ ಎಂಬ ಕಡತ, ಜೊತೆಗೆ ಬೇಕಾದರೆ ಕೆಲವು ಸ್ಕ್ರಿಪ್ಟುಗಳು. ಕ್ಲಾಡ್ ಎಂಬ ಎಐ ತಯಾರಿಸುವ ಆಂಥ್ರೊಪಿಕ್ ಸಂಸ್ಥೆ 2025ರ ಅಕ್ಟೋಬರ್‌ನಲ್ಲಿ ಈ ಪದ್ಧತಿಯನ್ನು ಪ್ರಕಟಿಸಿತು. ಏಜೆಂಟ್ ಮೊದಲು ನೋಡುವುದು ಸ್ಕಿಲ್‌ನ ಹೆಸರು ಮತ್ತು ಒಂದೆರಡು ಸಾಲಿನ ವಿವರಣೆಯನ್ನು ಮಾತ್ರ. ಕೆಲಸಕ್ಕೆ ಬರುತ್ತದೆ ಎನಿಸಿದರೆ ಒಳಗಿನ ಸೂಚನೆಗಳನ್ನು ಓದಿಕೊಳ್ಳುತ್ತದೆ. ಹಾಗಾಗಿ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು, ಕರೆದಾಗ ಅದು ಬರುತ್ತದೆಯೇ ಎಂಬುದನ್ನು. ವಿವರಣೆ ಇಂಗ್ಲಿಷಿನಲ್ಲಿತ್ತು. ‘ಮೂರನೇ ಪುಟ ತೆಗೆದು ಉಳಿದದ್ದನ್ನು ಒಂದೇ ಕಡತ ಮಾಡು’ ಎಂದು ಕನ್ನಡದಲ್ಲಿ ಕೇಳಿದರೂ ಸ್ಕಿಲ್ ತೆರೆದುಕೊಂಡಿತು. ಸಮಾಧಾನವಾಯಿತು, ಮುಂದೆ ಹೋದೆ.

ನಿಜವಾದ ಕಷ್ಟ ಪಿಡಿಎಫ್‌ನ ಹುಟ್ಟಿನಲ್ಲೇ ಇದೆ. 1993ರಲ್ಲಿ ಅಡೋಬಿ ಇದನ್ನು ಹೊರತಂದದ್ದು ಪುಟ ಎಲ್ಲಿ ತೆರೆದರೂ ಒಂದೇ ರೀತಿ ಕಾಣಲಿ ಎಂದು, ತಿದ್ದಲಿ ಎಂದಲ್ಲ. ಸಾಮಾನ್ಯ ಪಿಡಿಎಫ್‌ನೊಳಗೆ ವಾಕ್ಯ, ಪ್ಯಾರಾ ಎಂಬ ಲೆಕ್ಕವೇ ಇರುವುದಿಲ್ಲ. ಇಂತಹ ಅಕ್ಷರಚಿತ್ರವನ್ನು ಇಂತಹ ಜಾಗದಲ್ಲಿ ಇಡು ಎಂಬ ಆಜ್ಞೆಗಳಷ್ಟೇ ಇರುತ್ತವೆ. ಸಾಲದ್ದಕ್ಕೆ, ಗಾತ್ರ ಉಳಿಸಲು ಫಾಂಟ್‌ನಲ್ಲಿ ಬಳಕೆಯಾದ ಅಕ್ಷರಗಳನ್ನು ಮಾತ್ರ ಅಡಕ ಮಾಡಿರುತ್ತಾರೆ. ಬಾಡಿಗೆಯನ್ನು 18,000ದಿಂದ 19,500ಕ್ಕೆ ಏರಿಸು ಎಂದು ಹೇಳುವುದು ಸುಲಭ. ಆ ಕರಾರಿನಲ್ಲಿ ಬೇರೆಲ್ಲೂ 9 ಬಂದಿರದಿದ್ದರೆ ಆ ಫಾಂಟ್‌ನಲ್ಲಿ 9 ಎಂಬ ಅಂಕಿಯೇ ಇರುವುದಿಲ್ಲ.

ಇಂತಹ ಕಡೆ ಏಜೆಂಟ್ ಎರಡು ಅಡ್ಡದಾರಿ ಹಿಡಿಯುತ್ತದೆ. ಹಳೆಯ ಮೊತ್ತದ ಮೇಲೆ ಬಿಳಿ ಚೌಕ ಬಳಿದು ಅದರ ಮೇಲೆ ಹೊಸದನ್ನು ಬರೆಯುವುದು ಒಂದು. ಕಣ್ಣಿಗೆ ಸರಿ ಕಾಣುತ್ತದೆ. ಕಡತದಲ್ಲಿ ಹುಡುಕಿದರೆ 18,000 ಮತ್ತು 19,500 ಎರಡೂ ಸಿಗುತ್ತವೆ. ಕರಾರು ಪತ್ರದಲ್ಲಿ ಎರಡು ಬಾಡಿಗೆ! ಇನ್ನೊಂದು ದಾರಿಯಲ್ಲಿ ಪಠ್ಯವನ್ನೆಲ್ಲ ಹೊರತೆಗೆದು ಪುಟವನ್ನೇ ಹೊಸದಾಗಿ ಕಟ್ಟುತ್ತದೆ. ಆಗ ಮೊತ್ತವೊಂದೇ ಇರುತ್ತದೆ, ಆದರೆ ಲೆಟರ್‌ಹೆಡ್‌ನ ಲಾಂಛನ ಹೋಗಿರುತ್ತದೆ, ಅಂಚು ಸರಿದಿರುತ್ತದೆ.

ಅದಕ್ಕೇ ಪ್ರತಿ ಪರೀಕ್ಷೆಯಲ್ಲೂ ಏನು ಬದಲಾಗಬೇಕು ಎಂದು ಒಂದು ಸಾಲು ಬರೆದರೆ, ಏನು ಬದಲಾಗಬಾರದು ಎಂದು ಹತ್ತು ಸಾಲು ಬರೆದೆ. ತಿದ್ದುವ ಮುಂಚಿನ ಮತ್ತು ನಂತರದ ಪುಟಗಳನ್ನು ಪಾಪ್ಲರ್ ಉಪಕರಣದಿಂದ ಚಿತ್ರಗಳನ್ನಾಗಿ ಮಾಡಿ, ಒಂದರ ಮೇಲೊಂದಿಟ್ಟು ಹೋಲಿಸುವ ಸ್ಕ್ರಿಪ್ಟ್ ಬರೆದುಕೊಂಡೆ. ತಿದ್ದುಪಡಿಯ ಜಾಗದ ಹೊರಗೆ ಒಂದು ಚುಕ್ಕೆ ಅಲುಗಿದರೂ ಕೆಂಪು ಬೀಳುತ್ತದೆ. ಕಡತದ ರಚನೆ ಸರಿಯಿದೆಯೇ ಎಂದು ಕ್ಯೂಪಿಡಿಎಫ್ ಎಂಬ ಇನ್ನೊಂದು ಉಪಕರಣ ನೋಡಿ ಹೇಳುತ್ತದೆ. ಅದೇ ಕೆಲಸವನ್ನು ಏಜೆಂಟ್‌ನ ಹಿಂದಿರುವ ಅದೇ ಎಐ ಮಾದರಿಗೆ (ಮಾಡೆಲ್) ಸ್ಕಿಲ್ ಇಲ್ಲದೆಯೂ ಕೊಟ್ಟೆ. ಆ ಹೋಲಿಕೆಯಿಲ್ಲದಿದ್ದರೆ ಸ್ಕಿಲ್‌ನಿಂದ ಬಂದ ಲಾಭ ಯಾವುದು, ಮಾದರಿಗೆ ಮೊದಲೇ ಗೊತ್ತಿದ್ದದ್ದು ಯಾವುದು ಎಂದು ಬೇರ್ಪಡಿಸಲಾಗದು. ಒಮ್ಮೆ ಸರಿಯಾಗಿ ಮಾಡಿದ್ದನ್ನು ಇನ್ನೊಮ್ಮೆ ಕೆಡಿಸಬಹುದಾದ್ದರಿಂದ ಪ್ರತಿಯೊಂದನ್ನೂ ಮತ್ತೆ ಮತ್ತೆ ಓಡಿಸಿದೆ.

ಇಂಗ್ಲಿಷ್ ಕಡತಗಳಲ್ಲಿ ಸ್ಕಿಲ್ ಚೆನ್ನಾಗಿಯೇ ನಡೆದುಕೊಂಡಿತು. ಪುಟ ಬೇರ್ಪಡಿಸುವುದು, ಸೇರಿಸುವುದು, ತಿರುಗಿಸುವುದು ಅದಕ್ಕೆ ನೀರು ಕುಡಿದಷ್ಟು ಸಲೀಸು. ಕನ್ನಡ ಬಂದಾಗ ಆಟ ಬೇರೆಯಾಯಿತು.

ಬೈಲಾ ಒಂದರಲ್ಲಿ ‘ಅಧ್ಯಕ್ಷರು’ ಎಂದಿದ್ದ ಕಡೆ ‘ಕಾರ್ಯದರ್ಶಿ’ ಎಂದು ಹಾಕಲು ಹೇಳಿದೆ. ಪಿಡಿಎಫ್ ತಯಾರಿಸುವ ರಿಪೋರ್ಟ್‌ಲ್ಯಾಬ್ ಎಂಬ ಲೈಬ್ರರಿಯನ್ನು ಸುಮ್ಮನೆ ಹಾಗೇ ಬಳಸಿದರೆ ಅದು ಕನ್ನಡದ ಅಕ್ಷರ ಜೋಡಣೆ, ಅಂದರೆ ಒತ್ತು ಕಾಗುಣಿತಗಳನ್ನು ಕೂಡಿಸುವ ಕೆಲಸ, ಮಾಡುವುದಿಲ್ಲ. ಯೂನಿಕೋಡ್ ಸಂಕೇತಗಳನ್ನು ಸಾಲಾಗಿ ಇಡುತ್ತಾ ಹೋಗುತ್ತದೆ. ಎರಡು ಅರ್ಕಾವೊತ್ತುಗಳೂ ಮಾಯವಾಗಿ, ‘ರ’ದ ಪಕ್ಕದಲ್ಲಿ ಬಿಡಿ ಹಲಂತ, ಆಮೇಲೆ ‘ಯ’ ನಿಂತಿತ್ತು. ಸೋಜಿಗವೆಂದರೆ, ಈ ಕೆಟ್ಟ ಪುಟದಿಂದ ಪಠ್ಯವನ್ನು ಹೊರತೆಗೆದರೆ ‘ಕಾರ್ಯದರ್ಶಿ’ ಎಂದು ಅಚ್ಚುಕಟ್ಟಾಗಿ ಬರುತ್ತದೆ, ಏಕೆಂದರೆ ಒಂದು ಸಂಕೇತಕ್ಕೆ ಒಂದು ಚಿತ್ರ ಎಂಬ ಲೆಕ್ಕ ಅಲ್ಲಿ ಕೆಟ್ಟಿಲ್ಲ. ಅದೇ, ಈ ಜೋಡಣೆಗೆಂದೇ ಇರುವ ಹಾರ್ಫ್‌ಬಝ್ ಲೈಬ್ರರಿ ಬಳಸಿ ಸರಿಯಾಗಿ ಜೋಡಿಸಿದ, ಕಣ್ಣಿಗೆ ಒಪ್ಪುವ ಪುಟದಿಂದ ತೆಗೆದರೆ ಎಷ್ಟೋ ಸಲ ಒತ್ತಕ್ಷರಗಳು ಹಿಂದುಮುಂದಾಗುತ್ತವೆ. ಅಂದರೆ ಪಠ್ಯವನ್ನಷ್ಟೇ ನೋಡುವ ಪರೀಕ್ಷೆ ಕೆಟ್ಟ ಪುಟಕ್ಕೆ ಪೂರ್ತಿ ಅಂಕ ಕೊಟ್ಟು ಒಳ್ಳೆಯ ಪುಟವನ್ನು ಅನುತ್ತೀರ್ಣ ಮಾಡುತ್ತದೆ. ಕನ್ನಡದ ಕಡತಗಳಿಗೆ ಪಠ್ಯ ಪರೀಕ್ಷೆಯ ತೂಕ ಇಳಿಸಿ, ಪುಟದ ಚಿತ್ರವನ್ನು ಕನ್ನಡ ಬಲ್ಲ ಮನುಷ್ಯರೇ ನೋಡಬೇಕೆಂದು ಬರೆದಿಟ್ಟೆ. ಇನ್ನೊಂದು ಎಐಯನ್ನು ತೀರ್ಪುಗಾರನಾಗಿ ಕೂರಿಸುವ ಸಲಹೆಯೂ ಬಂದಿತ್ತು. ಬಿಡಿ ಹಲಂತವನ್ನು ಅದು ಗಮನಿಸದೆ ದಾಟುವುದನ್ನು ಕಂಡ ಮೇಲೆ ಆ ಮಾತು ಅಲ್ಲಿಗೇ ನಿಂತಿತು.

ನುಡಿ, ಬರಹ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ಗಳದ್ದು ಇನ್ನೊಂದು ಕಥೆ. ಅಂತಹ ಕಡತದೊಳಗೆ ‘ಕನ್ನಡ’ ಎಂಬ ಪದ ಇಂಗ್ಲಿಷಿನ ಪಿ, ಪೌಂಡ್ ಚಿಹ್ನೆ, ಕ್ಯೂ ಮುಂತಾದವುಗಳ ವೇಷದಲ್ಲಿ ಕೂತಿರುತ್ತದೆ. ಏಜೆಂಟ್ ಹುಡುಕಿ, ‘ಈ ಪದ ಕಡತದಲ್ಲಿಲ್ಲ’ ಎಂದಿತು. ಪದ ಶೀರ್ಷಿಕೆಯಲ್ಲೇ ದಪ್ಪ ಅಕ್ಷರದಲ್ಲಿತ್ತು.

ಅಂಕ ಕೊಡುವಾಗ ಜಿಪುಣನಾದದ್ದು ಮಾಹಿತಿ ಮರೆಮಾಡುವ ಕೆಲಸದಲ್ಲಿ. 2019ರ ಜನವರಿಯಲ್ಲಿ ಅಮೆರಿಕದಲ್ಲಿ, ಟ್ರಂಪ್ ಚುನಾವಣಾ ಪ್ರಚಾರದ ಮಾಜಿ ಮುಖ್ಯಸ್ಥ ಪಾಲ್ ಮ್ಯಾನಫೋರ್ಟ್ ಪರ ವಕೀಲರು ನ್ಯಾಯಾಲಯಕ್ಕೆ ಕೊಟ್ಟ ಪಿಡಿಎಫ್‌ನಲ್ಲಿ ಕಪ್ಪು ಪಟ್ಟಿಯಡಿಯ ಸಾಲುಗಳನ್ನು ನಕಲಿಸಿ ಅಂಟಿಸಿದರೆ ಓದಬಹುದಿತ್ತು. ನಮ್ಮಲ್ಲಿ ಆ ಜಾಗದಲ್ಲಿ ಇರುವುದು ಆಧಾರ್ ಸಂಖ್ಯೆ. ಸುಳ್ಳು ಸಂಖ್ಯೆಯೊಂದನ್ನು ಹಾಕಿ, ಮೊದಲ ಎಂಟು ಅಂಕಿ ಅಳಿಸಿ ಕೊನೆಯ ನಾಲ್ಕು ಮಾತ್ರ ಉಳಿಸಲು ಹೇಳಿದೆ. ಆಮೇಲೆ ಪಠ್ಯ ಪದರ, ಸ್ಕ್ಯಾನ್ ಚಿತ್ರದ ಹಿಂದಿನ ಒಸಿಆರ್ ಪದರ (ಚಿತ್ರದಿಂದ ಯಂತ್ರ ಓದಿ ಬರೆದ ಪಠ್ಯ), ಟಿಪ್ಪಣಿಗಳು ಎಲ್ಲವನ್ನೂ ಜಾಲಾಡಿದೆ. ಪಿಡಿಎಫ್‌ನಲ್ಲಿ ಹಳೆಯದನ್ನು ಅಳಿಸದೆ ಹಾಗೆಯೇ ಇಟ್ಟುಕೊಂಡು ಹೊಸದನ್ನು ಕೊನೆಗೆ ಸೇರಿಸುತ್ತಾ ಉಳಿಸುವ ಪದ್ಧತಿಯೂ ಇರುವುದರಿಂದ ಕಡತವನ್ನು ಬಿಚ್ಚಿ ಹಿಂದಿನ ಆವೃತ್ತಿ ಉಳಿದಿದೆಯೇ ಎಂದೂ ನೋಡಿದೆ. ಇಲ್ಲಿ ಅರ್ಧ ಅಂಕವೆಂಬುದಿಲ್ಲ.

ಡಿಜಿಟಲ್ ಸಹಿ ಇರುವ ಕಡತ ಕೊಟ್ಟು ದಿನಾಂಕ ತಿದ್ದು ಎಂದಾಗ, ‘ತಿದ್ದಿದರೆ ಸಹಿ ಅಸಿಂಧುವಾಗುತ್ತದೆ, ಮುಂದುವರಿಯಲೇ?’ ಎಂದು ನಿಂತು ಕೇಳಿದ್ದಕ್ಕೆ ಪೂರ್ತಿ ಅಂಕ ಕೊಟ್ಟೆ.

ಕೊನೆಗೆ ಸ್ಕಿಲ್.ಎಂಡಿಯಲ್ಲಿ ಕೆಲವು ಸಾಲು ಸೇರಿಸಿದೆ: ಭಾರತೀಯ ಲಿಪಿಯ ಪಠ್ಯವನ್ನು ಹಾರ್ಫ್‌ಬಝ್ ಮೂಲಕವೇ ಜೋಡಿಸಬೇಕು, ಬಿಳಿ ಚೌಕ ಬಳಿಯಕೂಡದು, ಒಪ್ಪಿಸುವ ಮುಂಚೆ ಪುಟವನ್ನು ಚಿತ್ರವಾಗಿಸಿ ನೋಡಬೇಕು, ಹಳೆಯ ಫಾಂಟ್ ಕಂಡರೆ ಕೈಯಿಟ್ಟು ಕೆಡಿಸದೆ ತಿಳಿಸಬೇಕು. ಇವುಗಳಿಂದ ಕನ್ನಡದ ತಿದ್ದುಪಡಿಗಳು ಎಷ್ಟೋ ಸುಧಾರಿಸಿದವು. ಈಗ ಪುಟ ಜೋಡಣೆ, ಫಾರಂ ತುಂಬುವುದು, ಇಂಗ್ಲಿಷ್ ಕರಾರುಗಳ ಸಣ್ಣ ತಿದ್ದುಪಡಿ ಏಜೆಂಟ್ ಪಾಲಿಗೆ ಹೋಗಿವೆ. ಕನ್ನಡದ ಪುಟಗಳನ್ನು ಅದು ತಿದ್ದಿದರೂ ಮುದ್ರಿಸಿ ಓದಿದ ಮೇಲೆಯೇ ಹೊರಗೆ ಹೋಗುವುದು. ಆಧಾರ್ ಇರುವ ಕಡತಗಳನ್ನು ಸದ್ಯಕ್ಕೆ ಅದಕ್ಕೆ ಕೊಡುತ್ತಿಲ್ಲ.