ಎರಡು ಪ್ರಭೇದಗಳ ನೀಶ್ ಬೇರೆಯಾಗಿದೆ ಅಂತ ಬರೆಯೋ ಮುಂಚೆ

ಪುಣೆ, ಮುಂಬೈ, ಗೋವಾ ಕಡೆ ಇಕಾಲಜಿ ಓದ್ತಿರೋ ನಮ್ಮ ಕನ್ನಡದ ಹುಡುಗ್ರು ತುಂಬ ಜನ ಸಹ್ಯಾದ್ರಿಯ ಎರಡು ಹತ್ತಿರದ ಪ್ರಭೇದ ತಗೊಂಡು ಕಾಲ ಕಳೆದಂತೆ ಇವುಗಳ ನೀಶ್ (ಒಂದು ಪ್ರಾಣಿ ಬದುಕೋಕೆ ಬೇಕಾದ ಬಿಸಿ, ಮಳೆ, ಆಹಾರ ಇಂಥ ಪರಿಸ್ಥಿತಿಗಳ ಒಟ್ಟು) ಎಷ್ಟು ಬದಲಾಯ್ತು ಅಂತ ಪ್ರಾಜೆಕ್ಟ್ ಮಾಡ್ತಾರೆ, ಪ್ರಶ್ನೆ ಬಹಳ ಒಳ್ಳೇದು, ಆದ್ರೆ ಮೊದಲು ಇದೊಂದು ಮನಸ್ಸಲ್ಲಿರಲಿ: ಮ್ಯಾಪ್ ಮೇಲಿನ ಚುಕ್ಕೆ ಆ ಪ್ರಾಣಿ ಎಲ್ಲಿ ಸಿಕ್ತು ಅನ್ನೋದನ್ನಷ್ಟೇ ಹೇಳುತ್ತೆ, ಎಲ್ಲೆಲ್ಲಿ ಬದುಕಬಲ್ಲದು ಅನ್ನೋದನ್ನಲ್ಲ. ಪರಿಸರ ವಿಜ್ಞಾನಿ ಹಚಿನ್ಸನ್ 1957ರಲ್ಲೇ ಫಂಡಮೆಂಟಲ್ ನೀಶ್ (ಬದುಕಬಲ್ಲ ಪರಿಸ್ಥಿತಿಗಳು) ಬೇರೆ, ರಿಯಲೈಸ್ಡ್ ನೀಶ್ (ನಿಜವಾಗಿ ಬದುಕ್ತಿರೋ ಪರಿಸ್ಥಿತಿಗಳು) ಬೇರೆ ಅಂತ ಬಿಡಿಸಿ ಹೇಳಿದ್ರು.

ಅಂಬೋಲಿ ಟೋಡ್, ಕೊಯ್ನಾ ಟೋಡ್ ಅನ್ನೋ ಎರಡು ಕಪ್ಪೆ ತಗೊಳ್ಳಿ. ಎರಡೂ ಒಂದೇ ಕುಲ, ಎರಡೂ ಮಹಾರಾಷ್ಟ್ರದ ಘಟ್ಟದ ಚೂರು ಜಾಗದಲ್ಲೇ ಇರೋದು. ಸಿಕ್ಕ ಜಾಗಗಳ ಹವೆಯಿಂದ ನೀಶ್ ಅಂದಾಜು ಮಾಡೋ ಕಂಪ್ಯೂಟರ್ ಮಾಡೆಲ್ ಓಡಿಸಿದ್ರೆ ವ್ಯತ್ಯಾಸ ಬಂದೇ ಬರುತ್ತೆ, ಆದ್ರೆ ಅದು ಕಪ್ಪೆ ಬದಲಾಗಿದ್ದಕ್ಕೋ ಅಥವಾ ಎರಡು ಊರಿನ ಹವೆನೇ ಬೇರೆ ಅನ್ನೋದಕ್ಕೋ? ಇದಕ್ಕೇ ವಾರೆನ್, ಗ್ಲೋರ್, ಟುರೆಲ್ಲಿ 2008ರಲ್ಲಿ ಕೊಟ್ಟ ಬ್ಯಾಕ್‌ಗ್ರೌಂಡ್ ಟೆಸ್ಟ್ ಇರೋದು, ಸುತ್ತಲಿನ ಜಾಗದಲ್ಲಿ ಸಿಗೋ ಹವೆಗೆ ಹೋಲಿಸಿ ನೋಡಿ. ಆ ಸುತ್ತಲಿನ ಜಾಗ ಎಷ್ಟು ದೊಡ್ಡದು ಅಂತ ನೀವು ಗೆರೆ ಎಳೀತೀರಲ್ಲ, ಉತ್ತರ ಅದರ ಮೇಲೇ ನಿಂತಿರುತ್ತೆ, ಹಾಗಾಗಿ ಎರಡು ಮೂರು ಥರ ಎಳೆದು ನೋಡಿ.

ಆಮೇಲೆ ಡೇಟಾ. ಹವಾಮಾನದ ಮ್ಯಾಪ್ ಕೊಡೋ ವರ್ಲ್ಡ್‌ಕ್ಲಿಮ್‌ನ ಅತಿ ಸಣ್ಣ ಚೌಕವೇ ಸುಮಾರು 1 ಕಿಲೋಮೀಟರ್, ಅಂಬೋಲಿ ಟೋಡ್ ಮೊಟ್ಟೆ ಇಡೋದು ಜಂಬಿಟ್ಟಿಗೆ ಬಂಡೆ ಮೇಲೆ ಮಳೆನೀರು ನಿಂತ ಸಣ್ಣ ಗುಂಡೀಲಿ. ಆಗೋದಾದ್ರೆ ಬಂಡೆ ಹತ್ರಾನೇ ಡೇಟಾ ಲಾಗರ್ (ಬಿಸಿ, ತೇವ ತಾನೇ ದಾಖಲಿಸೋ ಸಣ್ಣ ಯಂತ್ರ) ಇಡಿ. ರೆಕಾರ್ಡ್‌ಗಳೂ ರಸ್ತೆ ಪಕ್ಕದ್ದೇ ಜಾಸ್ತಿ, ಹತ್ತಿರ ಹತ್ತಿರ ಇರೋ ಚುಕ್ಕೆ ಕಡಿಮೆ ಮಾಡಿ.

ಎರಡೇ ಪ್ರಭೇದ ಇಟ್ಕೊಂಡು ಯಾವುದು ಬದಲಾಯ್ತು, ಯಾವುದು ಹಳೇ ಥರಾನೇ ಉಳೀತು ಅಂತ ಹೇಳಕ್ಕಾಗಲ್ಲ, ಹತ್ತಿರದ ಬೇರೆ ಕುಲಗಳನ್ನೂ ಸೇರಿಸಿ ದೊಡ್ಡ ವಂಶವೃಕ್ಷ ಬೇಕು. ಪೇಗೆಲ್‌ರ ಲ್ಯಾಂಬ್ಡಾ ಅಥವಾ ಬ್ಲೋಂಬರ್ಗ್‌ರ ಕೆ (ಹತ್ತಿರದ ಸಂಬಂಧಿಗಳು ಎಷ್ಟು ಒಂದೇ ಥರ ಇವೆ ಅನ್ನೋ ಸಿಗ್ನಲ್ ಅಳೆಯೋ ಅಂಕಿಗಳು) ಹೆಚ್ಚು ಬಂತು ಅಂದ್ರೆ ನೀಶ್ ನಿಧಾನವಾಗಿ ಬದಲಾಗಿದೆ ಅಂತ ಅರ್ಥ ಅಲ್ಲ, ಸಿಗ್ನಲ್ ಬೇರೆ, ವೇಗ ಬೇರೆ, ಇದನ್ನ ತುಂಬ ಜನ ಕಲಸ್ತಾರೆ. ಪ್ರತಿ ಪ್ರಭೇದಕ್ಕೆ ಒಂದೇ ಸರಾಸರಿ ಹಾಕ್ಬೇಡಿ, ಒಳಗಿನ ಏರಿಳಿತಾನೂ ಮಾಡೆಲ್‌ಗೆ ಕೊಡಿ.

ಅರಣ್ಯ ಇಲಾಖೆ ಪರ್ಮಿಶನ್ ಸಿಕ್ಕಿದ್ರೆ ಕಪ್ಪೆ ಎಷ್ಟು ಬಿಸಿ, ಎಷ್ಟು ಒಣಹವೆ ತಡೆಯುತ್ತೆ ಅಂತ ನೇರವಾಗಿ ಅಳೀರಿ. ಸಿಗ್ಲಿಲ್ಲ ಅಂದ್ರೆ ರಿಪೋರ್ಟ್‌ನಲ್ಲಿ ರಿಯಲೈಸ್ಡ್ ನೀಶ್ ಬೇರೆ ಇದೆ ಅಂತಷ್ಟೇ ಬರೀರಿ, ವಿಕಾಸ ಆಗಿದೆ ಅಂತ ಬರೀಬೇಡಿ.